ಅಡುಗೆಮನೆ ಡಿಜಿಟಲ್ ತಕ್ಕಡಿ: ಮೂರು ವರ್ಷ ಬಳಸಿದ ಮೇಲೆ

ಐದು ಕೆಜಿ ತಡೆಯುವ, ಒಂದೊಂದು ಗ್ರಾಂ ತೋರಿಸುವ ಸಾಮಾನ್ಯ ತಕ್ಕಡಿ ಇದು. ನಮ್ಮ ಮನೆಯವರಿಗೆ ಶುಗರ್ ಬಂದಾಗ ತರಿಸಿದ್ದು. ಊಟದ ಚಾರ್ಟಿನಲ್ಲಿ 'ಬೇಯಿಸಿದ ಕಾಳು 150 ಗ್ರಾಂ' ಅಂತ ಬರೆದಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಅತ್ತೆಯ ಪಾವು ಮತ್ತು ಒಂದು ಸೆಟ್ ಅಳತೆ ಕಪ್ಪು, ಅಷ್ಟೇ.

ತೂಕದ ವಿಷಯದಲ್ಲಿ ದೂರು ಇಲ್ಲ. ಮೊದಲ ವಾರ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟರೆ 518 ತೋರಿಸಿತು. ಕೆಟ್ಟಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಹಾಲು ನೀರಿಗಿಂತ ಸ್ವಲ್ಪ ಭಾರ, ಜೊತೆಗೆ ಕವರಿನ ತೂಕ ಬೇರೆ. ತಪ್ಪು ನನ್ನದೇ.

ತಪ್ಪಿರುವುದು ಗ್ರಾಂನಿಂದ ಎಂಎಲ್‌ಗೆ ಬದಲಾಯಿಸುವ ಗುಂಡಿಯಲ್ಲಿ. ಅದರ ಕತೆ ಸ್ವಲ್ಪ ಉದ್ದ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಗಣಪತಿ ಪೆಂಡಾಲಿಗೆ ಕಡಲೆಕಾಳು ಉಸಲಿ ಮಾಡಿಕೊಡಲು ಒಪ್ಪಿಕೊಂಡೆ. 60 ದೊನ್ನೆ, ಒಂದೊಂದಕ್ಕೆ 150 ಎಂಎಲ್. ಅಂದರೆ 9 ಲೀಟರ್. ಲೆಕ್ಕ ಪಕ್ಕಾ ಇರಲಿ ಅಂತ ಹಿಂದಿನ ದಿನವೇ 100 ಗ್ರಾಂ ಕಾಳು ನೆನೆಸಿ, ಬೇಯಿಸಿ, ಬಸಿದು ತಕ್ಕಡಿಗಿಟ್ಟೆ. ಗುಂಡಿ ಒತ್ತಿದರೆ 220 ಎಂಎಲ್ ಅಂದಿತು. ಹಾಗಾದರೆ ನಾಲ್ಕು ಕೆಜಿ ಕಾಳು ಬೇಕು ಅಂತ ತೀರ್ಮಾನಿಸಿದೆ. ಅತ್ತೆ ನೋಡಿ, "ಪಾವಿಗೆ ಎರಡೂವರೆ ಪಾವಿನ ಮೇಲೇ ಆಗುತ್ತೆ ಕಣವ್ವ, ಇಷ್ಟೊಂದು ಯಾಕೆ ನೆನೆಸ್ತೀಯ?" ಅಂದರು. ನಾನು ಕೇಳಬೇಕಲ್ಲ.

60 ದೊನ್ನೆ ತುಂಬಿದ ಮೇಲೂ ಪಾತ್ರೆಯಲ್ಲಿ ಇನ್ನೂ 25 ದೊನ್ನೆಗಾಗುವಷ್ಟು ಉಳಿಯಿತು. ಅಕ್ಕಪಕ್ಕದವರಿಗೆಲ್ಲ ಕೊಟ್ಟೆವು. ಮಿಕ್ಕಿದ್ದನ್ನು ಎರಡು ದಿನ ಮಂಡಕ್ಕಿ ಜೊತೆ ತಿಂದೆವು. ದಾವಣಗೆರೆಯಲ್ಲಿ ಮಂಡಕ್ಕಿಗೆ ಮಿರ್ಚಿ ಬಿಟ್ಟು ಉಸಲಿ ಹಾಕಿದ್ದಕ್ಕೆ ನಮ್ಮ ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.

ಆಗಿದ್ದು ಇಷ್ಟೇ. ಈ ತಕ್ಕಡಿಗೆ ತೂಕ ಬಿಟ್ಟು ಬೇರೇನೂ ಗೊತ್ತಿಲ್ಲ. ಎಂಎಲ್ ಅಂದರೆ ಮೇಲಿರುವುದು ನೀರು ಅಂದುಕೊಂಡು, ಗ್ರಾಂ ಅಂಕಿಯನ್ನೇ ಎಂಎಲ್ ಅಂತ ತೋರಿಸುತ್ತದೆ. ಬೆಂದ ಕಾಳು ನೀರಿಗೆ ಹಾಕಿದರೆ ಮುಳುಗುತ್ತದೆ, ನಿಜ. ಆದರೆ ಕಪ್ಪಿಗೆ ತುಂಬಿದಾಗ ಕಾಳಿನ ಸಂದಿಯಲ್ಲೆಲ್ಲ ಗಾಳಿ ಇರುತ್ತದಲ್ಲ. ಹಾಗಾಗಿ ಒಂದು ಲೀಟರ್ ಕಡಲೆ ತೂಗುವುದು ಸುಮಾರು 700 ಗ್ರಾಂ ಮಾತ್ರ. ಅತ್ತೆಯದು ಪಾವಿನಿಂದ ಪಾವಿಗೆ ಹಾಕುವ ಲೆಕ್ಕ, ಅಲ್ಲಿ ಗಾಳಿಯೂ ಸೇರಿಯೇ ಇರುತ್ತದೆ.

ಆಮೇಲೆ ಹಟಕ್ಕೆ ಬಿದ್ದು ಒಂದೊಂದೇ ಕಾಳು ಅಳೆದೆ. ಮೊದಲು ಕಪ್ಪಿಗೆ ಅಂಚಿನ ತನಕ ನೀರು ತುಂಬಿ ತೂಗಿದೆ, 240 ಗ್ರಾಂ ಬಂತು. ಕೆಲವು ಸೆಟ್ಟುಗಳಲ್ಲಿ ಕಪ್ಪು 250 ಎಂಎಲ್ ಇರುತ್ತದೆ, ಹಾಗಾಗಿ ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಅದೇ ಕಪ್ಪಿನಲ್ಲಿ ಚೆನ್ನಾಗಿ ಬಸಿದ ಕಾಬೂಲ್ ಕಡಲೆ 165 ಗ್ರಾಂ, ಅಲಸಂದೆ 170, ರಾಜ್ಮಾ 175ರ ಸುತ್ತಮುತ್ತ. ಹೆಸರುಕಾಳು ಮಾತ್ರ 200. ಚಿಕ್ಕ ಕಾಳು, ಬೆಂದು ಸ್ವಲ್ಪ ಒಡೆದಿರುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಬೇಯಿಸಿದ ನೀರು ಬಸಿಯದೆ ತೂಗಿದರೆ ಈ ಅಂಕಿ ಯಾವುದೂ ಹೊಂದುವುದಿಲ್ಲ. ಜಾಲರಿಯಲ್ಲಿ ಐದು ನಿಮಿಷ ಬಿಡಬೇಕು. ಈ ಚೀಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಈಗ ಚಾರ್ಟಿನ 150 ಗ್ರಾಂ ಅಲಸಂದೆ ಅಂದರೆ ಒಂದು ಕಪ್ಪಿಗೆ ಸ್ವಲ್ಪ ಕಡಿಮೆ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ.

ಸೆಲ್ಲು ವರ್ಷಕ್ಕೊಮ್ಮೆ ಬದಲಾಯಿಸಿದ್ದೇನೆ. ಪಾತ್ರೆ ಇಟ್ಟು ಸೊನ್ನೆ ಮಾಡುವ ಟೇರ್ ಗುಂಡಿ ಇವತ್ತಿಗೂ ಚೆನ್ನಾಗಿದೆ. ಅಗಲ ಪಾತ್ರೆ ಇಟ್ಟರೆ ಅಂಕಿ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಎರಡು ನಿಮಿಷ ಸುಮ್ನೆ ಬಿಟ್ಟರೆ ತಾನೇ ಆರಿಹೋಗುತ್ತದೆ, ಮತ್ತೆ ಮೊದಲಿಂದ ತೂಗಬೇಕು. ಬಿಸಿ ಕಾಳಿನ ಹಬೆ ಗಾಜಿನ ಒಳಗೆ ಹೋಗಿ ಒಂದು ಮೂಲೆ ಮಸುಕಾಗಿದೆ. ಹಾಗಾಗಿ ಈಗ ಆರಿಸಿಯೇ ತೂಗುತ್ತೇನೆ.

ಐದಕ್ಕೆ ನಾಲ್ಕು ನಕ್ಷತ್ರ. ಉಳಿದ ಒಂದು ಹೋಗಿದ್ದು ಆ ಎಂಎಲ್ ಗುಂಡಿಗೆ. ಅದರ ಮೇಲೆ ಟೇಪು ಹಚ್ಚಿದ್ದೇನೆ.