ಮೂರು ವರ್ಷ ದುಡ್ಡು ಕಟ್ಟಿ ಗೊಬ್ಬರದ ಸಲಹೆ ತಗೊಂಡೆ: ಮಾನ್ವಿ ಕಡೆಯ ಭತ್ತದ ರೈತನ ಅನುಭವ

ನಮ್ಮದು ಆರು ಎಕರೆ ಎರೆ ಹೊಲ. ಮಾನ್ವಿ ತಾಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಕೆಳಭಾಗ ಅಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆ ತುಂಬಿ ಮಿಕ್ಕರೆ ನಮಗೆ.

2023ರ ಜೂನ್‌ನಲ್ಲಿ ಗೊಬ್ಬರ ಮಾರುವ ಒಂದು ಖಾಸಗಿ ಕಂಪನಿಯ ಮಣ್ಣು ಪರೀಕ್ಷೆ ಮತ್ತು ಗೊಬ್ಬರ ಸಲಹೆ ಸೇವೆಗೆ ಸೇರಿದೆ. ಎಕರೆಗೆ ವರ್ಷಕ್ಕೆ 400 ರೂಪಾಯಿ. ಮಣ್ಣು ಪರೀಕ್ಷೆ, ಫೋನಿನಲ್ಲಿ ಒಂದು ಆ್ಯಪ್, ತಿಂಗಳಿಗೊಮ್ಮೆ ಹೊಲಕ್ಕೆ ಬಂದು ನೋಡುವ ಒಬ್ಬ ಕೃಷಿ ಪದವಿ ಓದಿದ ಹುಡುಗ. ಇಷ್ಟೇ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥವು ನಾಲ್ಕೈದು ಓಡಾಡುತ್ತಿವೆ, ಎಲ್ಲದರ ಮಾತೂ ಹೆಚ್ಚುಕಡಿಮೆ ಒಂದೇ.

ಸೇರುವಾಗ ಅಪ್ಪ ಬೈದರು. ಸರ್ಕಾರದ ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿತ್ತಲ್ಲ, ದುಡ್ಡು ಯಾಕೆ ಅಂತ. ಇದ್ದದ್ದು ನಿಜ. ಟ್ರಂಕಿನಲ್ಲಿ ಪಹಣಿಗಳ ಜೊತೆ ಮಡಚಿಟ್ಟಿದ್ದರು. ಅದರಲ್ಲಿ 12 ಅಂಶಗಳ ಲೆಕ್ಕವಿತ್ತು, ಒಂದನ್ನೂ ನಾವು ಓದಿರಲಿಲ್ಲ. ಆದರೆ ನೀರಾವರಿ ಜಾಗದಲ್ಲಿ ಆ ಚೀಟಿಗೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆಯುತ್ತಿದ್ದರು. ಅಂದರೆ ಆರು ಎಕರೆಗೂ ಸ್ವಲ್ಪ ಜಾಸ್ತಿ. ನನ್ನ ಹೊಲದಲ್ಲೇ ಮೂರು ಥರದ ಮಣ್ಣಿದೆ.

ಈ ಹುಡುಗ ಬಂದವನೇ ಬದು, ತಿಪ್ಪೆ ಇದ್ದ ಜಾಗ ಬಿಟ್ಟು, ಅಡ್ಡಾದಿಡ್ಡಿ ನಡೆಯುತ್ತ ಹತ್ತು ಕಡೆ ಆರು ಇಂಚು ಆಳ ತೆಗೆಸಿದ. ತಗ್ಗಿನ ಒಂದು ಎಕರೆಗೆ ಬಂದಾಗ ನನ್ನ ಕೈ ಹಿಡಿದ. "ಅಣ್ಣಾ, ಈ ಮೂಲೆ ಮಣ್ಣು ಅದರಾಗ ಕಲಿಸಬ್ಯಾಡ್ರಿ. ಇದಕ್ಕ ಬ್ಯಾರೆ ಚೀಲ." ಅವತ್ತೇ ನನಗೆ ಅರ್ಧ ನಂಬಿಕೆ ಬಂತು.

ವರದಿಯಲ್ಲಿ ಸಾವಯವ ಇಂಗಾಲ 0.42, ಅಂದರೆ ಕಮ್ಮಿ. ರಂಜಕ ಬೇಕಾದ್ದಕ್ಕಿಂತ ಜಾಸ್ತಿ. ಪೊಟ್ಯಾಷ್ ಸಾಕಷ್ಟು, ಎರೆ ಮಣ್ಣಿನಲ್ಲಿ ಅದು ಸಾಮಾನ್ಯ. ಸತು 0.45, ಇರಬೇಕಾದ್ದು ಕಮ್ಮಿ ಅಂದರೂ 0.6. ನಾಟಿ ಮಾಡಿದ ಎರಡು ಮೂರು ವಾರಕ್ಕೆ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕಿ ಬಂದು ಪೈರು ನಿಂತಲ್ಲೇ ನಿಲ್ಲುತ್ತಿತ್ತಲ್ಲ, ನಾವು ಅದನ್ನು ರೋಗ ಅಂತ ಪ್ರತಿ ವರ್ಷ ಔಷಧಿ ಹೊಡೆಯುತ್ತಿದ್ದೆವು. ಅದು ರೋಗವೇ ಅಲ್ಲ, ಸತುವಿನ ಕೊರತೆ. ಅದಕ್ಕೂ ಕಾರಣ ನಾವೇ. ವರ್ಷಾನುಗಟ್ಟಲೆ ಡಿಎಪಿ ಗೊಬ್ಬರ ಸುರಿದು ರಂಜಕ ಗುಡ್ಡೆ ಹಾಕಿದ್ದೆವು, ಅದು ಸತುವನ್ನು ಬೆಳೆಗೆ ಸಿಗದ ಹಾಗೆ ಮಾಡುತ್ತದೆ.

ಹಿಂದೆ ಎಕರೆಗೆ ಎರಡು ಚೀಲ ಡಿಎಪಿ, ನಾಲ್ಕೂವರೆ ಚೀಲ ಯೂರಿಯಾ ಹಾಕುತ್ತಿದ್ದೆವು. ಅವರು ಕೊಟ್ಟ ಲೆಕ್ಕ ಒಂದು ಚೀಲ ಡಿಎಪಿ, ಎರಡೂವರೆ ಚೀಲ ಯೂರಿಯಾ. ಯೂರಿಯಾ ಮೂರು ಕಂತಿನಲ್ಲಿ. ಜಿಂಕ್ ಸಲ್ಫೇಟ್ ಎಕರೆಗೆ 10 ಕೆ.ಜಿ., ಅದೂ ಎರಡು ಮೂರು ಬೆಳೆಗೆ ಒಮ್ಮೆ, ಡಿಎಪಿ ಜೊತೆ ಕಲಸದೆ ಬೇರೆ ದಿನ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕ ಇರುತ್ತದೆ, ಡಿಎಪಿ ಚೀಲದಲ್ಲಿ 9 ಕೆ.ಜಿ. ಹೊಸ ಲೆಕ್ಕದ ಚೀಲ ಕೂಡಿದರೆ ಎಕರೆಗೆ 60 ಕೆ.ಜಿ. ಸಾರಜನಕದ ಹತ್ತಿರ. "ಹೊಟ್ಟಿಗೆ ಕಮ್ಮಿ ಹಾಕಿ ಜಾಸ್ತಿ ದುಡಿ ಅಂದಂಗಾತು" ಅಂದರು ಅಪ್ಪ.

ಮೊದಲನೇ ವರ್ಷ ಇದರ ಫಲ ನೋಡಲು ಆಗಲೇ ಇಲ್ಲ. 2023 ಬರದ ವರ್ಷ. ನಮ್ಮ ಕಡೆ ತೆನೆ ಬರುವ ಹೊತ್ತಿಗೆ ಕಾಲುವೆ ಒಣಗಿತು, ಅರ್ಧಕ್ಕರ್ಧ ಜೊಳ್ಳು. ಎರಡನೇ ಬೆಳೆಗೆ ನೀರೇ ಬಿಡಲಿಲ್ಲ. ಆಗ ಆ್ಯಪ್‌ನಿಂದ ಬಂದ ಸಂದೇಶ ಇನ್ನೂ ಇಟ್ಟುಕೊಂಡಿದ್ದೇನೆ: "ಗದ್ದೆಯಲ್ಲಿ 5 ಸೆಂ.ಮೀ. ನೀರು ನಿಲ್ಲಿಸಿ." ಎಲ್ಲಿಂದ ತಂದು ನಿಲ್ಲಿಸಲಿ? ಗೆಳೆಯರಿಗೆ ತೋರಿಸಿ ನಕ್ಕೆವು, ನಗದೆ ಇನ್ನೇನು ಮಾಡುವುದು.

ಕೊಟ್ಟ ದುಡ್ಡು ವಸೂಲಾಗಿದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಖು ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೇದು ಕೊಚ್ಚಿಹೋಯಿತು. ನಮ್ಮದು ಆಗ ಅರ್ಧ ನಾಟಿ ಆಗಿತ್ತು. ಉದ್ದರಿಗೆ ಗೊಬ್ಬರ ಎತ್ತಲು ಅಂಗಡಿಗೆ ಹೊರಟಿದ್ದೆ. ಆ ಹುಡುಗ ತಾನೇ ಫೋನ್ ಮಾಡಿದ. "ನೀರು ಖಾತ್ರಿ ಆಗೋತನಕ ಉಳಿದ ಗೊಬ್ಬರ ತರಬ್ಯಾಡ್ರಿ ಅಣ್ಣಾ. ಸಸಿ ನಾಕು ದಿನ ತಡ ಆದ್ರ ಸಾಯಂಗಿಲ್ಲ, ಸಾಲ ಏರಿದ್ರ ಇಳಿಯಂಗಿಲ್ಲ." ಗೊಬ್ಬರ ಮಾರುವ ಕಂಪನಿಯವನ ಬಾಯಿಂದ ಈ ಮಾತು ಕೇಳಿ ಸುಮ್ನೆ ನಿಂತುಬಿಟ್ಟೆ. ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ಗೇಟು ಕೂರಿಸಿದರು, ಮಳೆಯೂ ಕೈ ಹಿಡಿಯಿತು. ಆಮೇಲೆ ಗೊಬ್ಬರ ತಂದೆ.

ಆ ಮುಂಗಾರಿನ ಲೆಕ್ಕ ಬರೆದಿಟ್ಟಿದ್ದೇನೆ. ಎಕರೆಗೆ ಎರಡು ಚೀಲ ಯೂರಿಯಾ ಉಳಿಯಿತು, 266.50ರ ಹಾಗೆ 533 ರೂಪಾಯಿ. ಒಂದು ಚೀಲ ಡಿಎಪಿ ಉಳಿಯಿತು, 1,350. ತಗ್ಗಿನ ಎಕರೆ ಬಿಟ್ಟು ಐದು ಎಕರೆಗೆ 9,415. ಸೇವೆಯ ಶುಲ್ಕ 2,400 ಕಳೆದರೆ ಏಳು ಸಾವಿರ ಕೈಯಲ್ಲಿ. ಇಳುವರಿ ಮಾತ್ರ ಮೊದಲಿನಷ್ಟೇ, 75 ಕೆ.ಜಿ. ಚೀಲದ ಲೆಕ್ಕದಲ್ಲಿ ಎಕರೆಗೆ 38. ಅವರ ಜಾಹೀರಾತಿನಲ್ಲಿ ಇಳುವರಿ ಏರುತ್ತದೆ ಅಂತಿದೆ. ನನಗೆ ಏರಲಿಲ್ಲ. ಯೂರಿಯಾ ಇಳಿಸಿದ್ದಕ್ಕೆ ಜಿಗಿಹುಳು ಕಮ್ಮಿಯಾಗಿ ಒಂದು ಸಲದ ಔಷಧಿ ತಪ್ಪಿತು, ಅದು ನಿಜ.

2025ರಲ್ಲಿ ಯೂರಿಯಾ ಸಿಗದೆ ಜನ ಬೆಳಗಿನ ಜಾವ ನಾಲ್ಕಕ್ಕೇ ಆಧಾರ್ ಹಿಡಿದು ಸಾಲು ನಿಂತರು. ಒಂದು ಅಂಗಡಿಯಲ್ಲಿ ಎರಡು ಚೀಲ ಬೇಕಂದರೆ ನನಗೆ ಬೇಡದ ಒಂದು ಬಾಟಲಿಯನ್ನೂ ಕಟ್ಟಿದರು. ಆ ವರ್ಷ ಉಪಕಾರ ಮಾಡಿದ್ದು ಆ್ಯಪ್ ಅಲ್ಲ, ಒಂದು ಪ್ಲಾಸ್ಟಿಕ್ ಪಟ್ಟಿ. ಎಲೆ ಬಣ್ಣದ ಪಟ್ಟಿ. ಬಿಸಿಲಿಗೆ ಬೆನ್ನು ಮಾಡಿ, ನಮ್ಮ ನೆರಳಿನಲ್ಲೇ ಹತ್ತು ಪೈರಿನ ಮೇಲಿನ ಪೂರ್ತಿ ಬಿಚ್ಚಿದ ಎಲೆಯನ್ನು ಅದರ ಮೇಲಿಟ್ಟು ನೋಡುವುದು. ಗುರುತು ಹಾಕಿದ ಬಣ್ಣಕ್ಕಿಂತ ತಿಳಿಯಾಗಿದ್ದರಷ್ಟೇ ಯೂರಿಯಾ. ಕೊನೆಯ ಕಂತಿನ ಹೊತ್ತಿಗೆ ಮೂರು ಎಕರೆಯಲ್ಲಿ ಎಲೆ ಇನ್ನೂ ಕಡುಹಸಿರು ಇತ್ತು. ಅಲ್ಲಿ ಹಾಕಲಿಲ್ಲ, ಸಾಲಿಗೂ ಹೋಗಲಿಲ್ಲ. ಅಪ್ಪ ಈಗ ಆ ಪಟ್ಟಿಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಪಕ್ಕದ ಹೊಲದವರ ಪೈರಿನ ಮೇಲೂ ಹಿಡಿದು ನೋಡುತ್ತಾರೆ.

ಅದೇ ವರ್ಷ ಈ ಸೇವೆಯ ದೊಡ್ಡ ತಪ್ಪೂ ಆಯಿತು. 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80ಕ್ಕೇ ನಿಲ್ಲಿಸಿದ್ದರು, ಗೇಟು ಬದಲಿಸುವ ಕೆಲಸಕ್ಕೆ ಎರಡನೇ ಬೆಳೆಗೆ ನೀರಿಲ್ಲ ಅಂದರು. ಆ್ಯಪ್ ಎಲ್ಲರಿಗೂ ಒಂದೇ ಸಲಹೆ ಕಳಿಸಿತು: ಉಳಿದ ಹಸಿಯಲ್ಲಿ ಕಡಲೆ ಬಿತ್ತಿ. ನನ್ನ ತಗ್ಗಿನ ಎಕರೆ ಸವಳು. ಉಪ್ಪಿನಂಶ ಉಳಿದ ಹೊಲದ ಐದು ಪಟ್ಟು ಅಂತ ಅವರದೇ ವರದಿ ಹೇಳುತ್ತದೆ. ಕಡಲೆಗೆ ಸವಳು ಆಗುವುದೇ ಇಲ್ಲ. ತಮ್ಮ ವರದಿಯನ್ನು ತಾವೇ ಓದದ ಆ್ಯಪ್ ಅದು. ಹುಡುಗನಿಗೆ ಫೋನ್ ಮಾಡಿದೆ. "ಅಲ್ಲಿ ಕುಸುಬಿ ಹಾಕ್ರಿ, ಕಡಲಿ ಮ್ಯಾಲಿನ ಹೊಲಕ್ಕ ಇರಲಿ" ಅಂದ. ಕುಸುಬೆ ಬಂತು, ಭರ್ಜರಿ ಏನಲ್ಲ. ಫೋನ್ ಮಾಡದೆ ಬಿತ್ತಿದವರ ಬೀಜ ಹೋಯಿತು.

ಆ ತಗ್ಗಿಗೆ ಜಿಪ್ಸಂ ಸುರಿ ಅಂತ ಅಂಗಡಿಯವರು ಹೇಳುತ್ತಲೇ ಇದ್ದರು. ಅಲ್ಲಿರುವುದು ಬರೀ ಉಪ್ಪು, ಅದಕ್ಕೆ ಬಸಿಗಾಲುವೆಯೇ ಮದ್ದು ಅಂತ ಹುಡುಗ ತಡೆದ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೇ ಕೆಲಸ ನಡೆಯುತ್ತದೆ, ಅಲ್ಲಿಗೂ ಹೋಗಿ ಕೇಳಿ ಅಂದ. ಅಲ್ಲಿ ಸಲಹೆಗೆ ದುಡ್ಡು ಕೇಳಲಿಲ್ಲ.

ಅಂಕ ಕೊಡಬೇಕಲ್ವಾ. ಮಣ್ಣು ಪರೀಕ್ಷೆಗೆ ಐದಕ್ಕೆ ನಾಲ್ಕು. ಆ್ಯಪ್‌ಗೆ ಒಂದೂವರೆ. ಹುಡುಗನಿಗೆ ಐದಕ್ಕೆ ಐದು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವರು ಸೇರುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಇಲ್ಲಿ ಪಹಣಿ ಇದ್ದವರ ಹೆಸರಿಗೇ ನೋಂದಣಿ.

ನಾಲ್ಕನೇ ವರ್ಷದ ಶುಲ್ಕ ಕಟ್ಟಿ ಅಂತ ದಿನಾ ಸಂದೇಶ ಬರುತ್ತಿದೆ. ಹುಡುಗನನ್ನು ಬೇರೆ ತಾಲೂಕಿಗೆ ಹಾಕಿದ್ದಾರಂತೆ. ಹೊಸಬನಿಗೆ ಫೋನ್ ಮಾಡಿ, ಸೋಮವಾರ ಬಂದು ತಗ್ಗಿನ ಎಕರೆ ನೋಡಿ ಅಂದಿದ್ದೇನೆ. ನಾನಾಗಿ ಬೇರೆ ಏನೂ ಹೇಳಿಲ್ಲ. ಆ ಮಣ್ಣಿಗೆ ಬೇರೆ ಚೀಲ ಕೇಳುತ್ತಾನಾ, ನೋಡಬೇಕು.