ಹಾಟ್ ಆಯಿಲ್ ಹೀಟರ್ ಕಮಿಷನಿಂಗ್ ಸರ್ವೀಸ್: ಇಂಜಿನಿಯರ್‌ಗೆ 5, ಮ್ಯಾನ್ಯುಯಲ್‌ಗೆ 2

ನಮ್ ಪ್ಲಾಂಟಿಗೆ ಹೊಸ ಥರ್ಮಿಕ್ ಫ್ಲೂಯಿಡ್ ಹೀಟರ್ (ಎಣ್ಣೆ ಬಿಸಿ ಮಾಡಿ ಪೈಪಲ್ಲಿ ಸುತ್ತಿಸಿ ಶಾಖ ಕೊಡೋ ಹೀಟರ್) ತಗೊಂಡ್ವಿ, ಜೊತೆಗೆ ಕಮಿಷನಿಂಗ್, ಅಂದ್ರೆ ಮೊದಲ ಸಲ ಚೆಕ್ ಮಾಡಿ ಚಾಲೂ ಮಾಡ್ಕೊಡೋ ಸರ್ವೀಸೂ ತಗೊಂಡ್ವಿ, ಅದರ ರಿವ್ಯೂ ಇದು. ಕಂಪನಿ ಹೆಸರು ಹಾಕಲ್ಲ, ಕೆಳಗೆ ಸ್ವಲ್ಪ ಬೈದಿದೀನಿ. ಬಂದಿದ್ದ ಇಂಜಿನಿಯರ್‌ಗೆ 5ಕ್ಕೆ 5. ಮ್ಯಾನ್ಯುಯಲ್‌ಗೆ 2, ಅದೂ ಪಾಪ ಅಂತ.

ನಾನು ಅಂದ್ಕೊಂಡಿದ್ದು ಎಣ್ಣೆ ತುಂಬ್ಸು, ಪಂಪ್ ಹಾಕು, ಬರ್ನರ್ ಹಚ್ಚು, ಸಂಜೆ ಹೊತ್ತಿಗೆ 250 ಡಿಗ್ರಿ ಅಂತ. ಇಂಜಿನಿಯರ್ ಮೊದಲನೇ ದಿನ ಬರ್ನರ್ ಹತ್ರ ಸುಳಿಲೇ ಇಲ್ಲ. ತಣ್ಣಗಿರೋ ಎಣ್ಣೆನೇ ಗಂಟೆಗಟ್ಟಲೆ ಸುತ್ತಿಸಿದ್ರು, ಮೇಲಿನ ವೆಂಟ್ ಒಂದೊಂದೇ ಬಿಚ್ಚಿ ಗಾಳಿ ಬಿಟ್ರು, ಸ್ಟ್ರೈನರ್ (ಲೈನಲ್ಲಿ ಕಸ ಹಿಡಿಯೋ ಜಾಲರಿ) ಮೂರು ಸಲ ಬಿಚ್ಚಿಸಿದ್ರು, ಮೊದಲನೇ ಸಲ ಒಳಗೆ ವೆಲ್ಡಿಂಗ್ ಸ್ಲ್ಯಾಗು, ಎಲೆಕ್ಟ್ರೋಡ್ ಚೂರು, ಒಂದು ಬಟ್ಟೆ ತುಂಡು (ಲೈನ್ ಹಾಕಿದವನು "ಫುಲ್ ಕ್ಲೀನ್ ಸಾರ್" ಅಂದಿದ್ದ). ಆಮೇಲೆ ಕೇಳಿದ್ರು, ಲೈನ್ ಟೆಸ್ಟಿಂಗಿಗೆ ನೀರು ಹಾಕಿದ್ರಾ ಅಂತ. ಹಾಕಿದ್ವಿ. ಅವರ ಮುಖ ನೋಡ್ಬೇಕಿತ್ತು.

ಲೈನಲ್ಲಿ ಉಳ್ಕೊಂಡಿದ್ದ ಆ ನೀರಿನ ಕಥೆ ಎರಡನೇ ದಿನ ಗೊತ್ತಾಯ್ತು. ಫರ್ನೇಸ್ ಗಾಳಿ ಹೊಡೆದು ಪರ್ಜ್ ಮಾಡಿ ಲೋ ಫೈರಲ್ಲಿ (ಸಣ್ಣ ಉರಿಯಲ್ಲಿ) ಹಚ್ಚಿದ್ರು, ಎಣ್ಣೆ 100 ದಾಟಿತೋ ಇಲ್ವೋ ಪಂಪ್ ಗೇಜಿನ ಮುಳ್ಳು ಗಡಗಡ ನಡುಗೋಕೆ ಶುರು, ಪಂಪೊಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸ್ದಂಗೆ ಸೌಂಡು, ಎಕ್ಸ್‌ಪಾನ್ಷನ್ ಟ್ಯಾಂಕ್ (ಬಿಸಿಗೆ ಉಬ್ಬೋ ಎಣ್ಣೆಗೆ ಜಾಗ ಕೊಡೋ ಟ್ಯಾಂಕ್) ವೆಂಟಲ್ಲಿ ಬುಸಬುಸ ಆವಿ. ಒಂದು ಲೀಟರ್ ನೀರು ಆವಿ ಆದ್ರೆ 1600 ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತೆ, ಆತುರ ಮಾಡಿದ್ರೆ ಬಿಸಿ ಎಣ್ಣೆನ ಟ್ಯಾಂಕಿಂದ ಹೊರಗೇ ಉಗಿಯುತ್ತೆ. ಬರ್ನರ್ ಆಫ್, ಮುಳ್ಳು ನಿಲ್ಲೋವರೆಗೂ ಕಾಯೋದು, ಮತ್ತೆ ಹಚ್ಚೋದು, ಹೀಗೇ 100ರಿಂದ 120ರ ಮಧ್ಯದಲ್ಲೇ ಇಡೀ ದಿನ ಹೋಯ್ತು. ಪ್ರೊಡಕ್ಷನ್‌ನವರು ಫೋನ್ ಮೇಲೆ ಫೋನ್. ಕೊನೆಗೆ ಇಂಜಿನಿಯರ್ರೇ ಫೋನ್ ಇಸ್ಕೊಂಡು "ಸಾರ್ ನೀವೇ ಬಂದು ಟೆಂಪರೇಚರ್ ಏರಿಸಿ, ನಾನು ಗೇಟ್ ಹೊರಗೆ ನಿಂತಿರ್ತೀನಿ" ಅಂದ್ರು, ಆಮೇಲೆ ಫೋನ್ ಬರ್ಲಿಲ್ಲ.

ಎಕ್ಸ್‌ಪಾನ್ಷನ್ ಟ್ಯಾಂಕ್ ಫುಲ್ ತುಂಬ್ಸಿ ಇಟ್ಟಿದ್ದೆ ನಾನು, ಕಾಲು ಭಾಗಕ್ಕೆ ಇಳಿಸಿದ್ರು. 250ಕ್ಕೆ ಹೋಗೋ ಹೊತ್ತಿಗೆ 1000 ಲೀಟರ್ ಎಣ್ಣೆ ಹತ್ತತ್ರ 200 ಲೀಟರ್ ಉಬ್ಬುತ್ತಂತೆ.

ಈಗ ಬೈಗುಳ. ಇಂಟರ್‌ಲಾಕ್ (ಏನಾದ್ರೂ ಕೆಟ್ರೆ ಬರ್ನರ್ ತಾನಾಗೇ ಆಫ್ ಮಾಡೋ ಸೇಫ್ಟಿ) ಟೆಸ್ಟ್ ಅಂದ್ರೆ ಪ್ಯಾನೆಲ್ ಮೇಲೆ ಲೈಟ್ ನೋಡೋದಲ್ಲ, ಲೋ ಫೈರಲ್ಲಿ ಪಂಪ್ ನಿಲ್ಲಿಸಿ ಬರ್ನರ್ ತಾನಾಗೇ ಟ್ರಿಪ್ ಆಗುತ್ತಾ ನೋಡ್ಬೇಕು ಅಂದ್ರು. ಬೆಂಕಿ ಹಚ್ಚೋಕೆ ಮುಂಚೆ ವೈರಿಂಗ್ ನೋಡೋಕೆ ಅಂತ ಪ್ಯಾನೆಲ್ ತೆಗೆದ್ರೆ ಡಿಪಿ ಸ್ವಿಚ್ಚಿನ (ಒತ್ತಡದ ವ್ಯತ್ಯಾಸ ನೋಡಿ ಎಣ್ಣೆ ಹರೀತಿದೆಯಾ ಅಂತ ಹೇಳೋ ಸ್ವಿಚ್ಚು) ಎರಡು ಟರ್ಮಿನಲ್ ಮಧ್ಯೆ ಬೆರಳುದ್ದ ಹಳದಿ ವೈರ್, ಸ್ವಿಚ್ಚನ್ನೇ ಬೈಪಾಸ್ ಮಾಡೋ ಜಂಪರ್! ಹೀಟರ್ ಕಂಪನಿಯವರದೇ ಫ್ಯಾಕ್ಟರಿಲಿ ಟೆಸ್ಟಿಂಗಿಗೆ ಹಾಕಿ ತೆಗೆಯೋದು ಮರೆತಿದಾರೆ. ಅಂದ್ರೆ ಫ್ಲೋ ನಿಂತ್ರೂ ಬರ್ನರ್ ಉರೀತಾನೇ ಇರ್ತಿತ್ತು, ಕಾಯಿಲೊಳಗಿನ ಎಣ್ಣೆ ಸುಟ್ಟು ಕರಿ ಕಟ್ಟಿ ಟ್ಯೂಬ್ ತೂತಾಗಿ ಎಣ್ಣೆ ನೇರ ಬೆಂಕಿ ಒಳಗೆ. ಇಂಜಿನಿಯರ್ ಏನೂ ಮಾತಾಡದೆ ವೈರ್ ಕಿತ್ತು ನನ್ನ ಕೈಗೆ ಕೊಟ್ರು. ಅದನ್ನ ಈಗ್ಲೂ ಪ್ಯಾನೆಲ್ ಡೋರಿಗೆ ಟೇಪ್ ಹಾಕಿ ಅಂಟಿಸಿದೀನಿ.

ಫ್ಲ್ಯಾಂಜ್ (ಬೋಲ್ಟ್ ಹಾಕಿ ಪೈಪ್ ಸೇರಿಸೋ ಜಾಯಿಂಟು) ಇರೋ ಕಡೆ ಲ್ಯಾಗಿಂಗ್ (ಶಾಖ ಹೋಗದಂಗೆ ಸುತ್ತೋ ಹೊದಿಕೆ) ಮುಚ್ಚೋಕೆ ಬಿಡ್ಲಿಲ್ಲ, ಬಿಸಿ ಆಗಿ ತಣ್ಣಗಾದ್ಮೇಲೆ ಬೋಲ್ಟ್ ಮತ್ತೆ ಟೈಟ್ ಮಾಡಿಸಿದ್ರು, ನಾಲ್ಕು ಕಡೆ ಜಿನುಗ್ತಿತ್ತು. ಎಣ್ಣೆ ಹೀರಿದ ಲ್ಯಾಗಿಂಗ್ ಬಿಸಿಗೆ ತಾನಾಗೇ ಹೊತ್ಕೊಳ್ಳಬಹುದು, ಅದನ್ನ ನಾನೇ ಹಿಂದೆ ಇನ್ನೊಂದು ಪ್ಲಾಂಟಲ್ಲಿ ನೋಡಿದೀನಿ.

ಮ್ಯಾನ್ಯುಯಲ್‌ಗೆ ಯಾಕೆ 2 ಅಂದ್ರೆ, ಕರೆಂಟ್ ಹೋದ್ರೆ ಏನ್ಮಾಡ್ಬೇಕು ಅಂತ ಒಂದು ಸಾಲೂ ಇಲ್ಲ. ಬರ್ನರ್ ಆಫ್ ಮಾಡಿದ್ಮೇಲೂ ಎಣ್ಣೆ 100ರ ಕೆಳಗೆ ಬರೋತನಕ ಪಂಪ್ ಓಡ್ತಿರ್ಬೇಕು, ಪಂಪಿಗೆ ಜನರೇಟರ್ ಲೈನ್ ಕೊಡಿ ಅಂತ ಹೇಳಿದ್ದು ಆ ಇಂಜಿನಿಯರ್ರೇ, ಬರ್ಕೊಂಡಿದ್ದು ನನ್ ಡೈರಿಲಿ. ಲಿಖಿತವಾಗಿ ಸರ್ವೀಸ್ ರಿಪೋರ್ಟ್ ಕಳಿಸ್ತೀವಿ ಅಂದಿದ್ರು ಆಫೀಸಿನವರು, ಮೂರು ವಾರ ಆಯ್ತು, ಫೀಡ್‌ಬ್ಯಾಕ್ ಫಾರ್ಮ್ ಮಾತ್ರ ಎರಡು ಸಲ ಬಂದಿದೆ.