ಚಾರಣದ ಚೀಲಕ್ಕೆ ಯಾವ ಬೈನಾಕ್ಯುಲರ್? ನನ್ನ ಮತ 8×32ಕ್ಕೆ

ಪಶ್ಚಿಮ ಘಟ್ಟದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ನಡೆಯುತ್ತ ಹಕ್ಕಿ ನೋಡುವವರು ಒಂದೇ ಒಂದು ಬೈನಾಕ್ಯುಲರ್ ಇಟ್ಟುಕೊಳ್ಳುವುದಾದರೆ 8×32 ಇಟ್ಟುಕೊಳ್ಳಲಿ. ಮೊದಲ ಅಂಕೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ವರ್ಧನೆ, ಎರಡನೆಯದು ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ಕಳೆದ ಮಳೆಗಾಲಕ್ಕೆ ಮುಂಚೆ ನಾನು ಅದನ್ನೇ ಕೊಂಡೆ. ಅಷ್ಟು ತೃಪ್ತಿ ಕೊಟ್ಟ ವಸ್ತು ನನ್ನ ಚಾರಣದ ಸಾಮಾನಿನಲ್ಲಿ ಬೇರೊಂದಿಲ್ಲ. ಕೊಳ್ಳುವ ಮುನ್ನ ಅಣ್ಣನ 8×25, ಹಕ್ಕಿ ನೋಡುವ ಗೆಳೆಯರೊಬ್ಬರ 8×42, ಇನ್ನೊಬ್ಬರ 10×42 ಎರವಲು ತಂದು ಕುದುರೆಮುಖದ ಹುಲ್ಲುಗಾವಲು, ಕೊಡಚಾದ್ರಿಯ ಏರು, ಗಣೇಶಗುಡಿಯ ಕಾಡು ಎಲ್ಲ ಕಡೆಯೂ ಬಳಸಿ ನೋಡಿದ್ದೆ. ನಾನು ಕನ್ನಡಕ ಹಾಕುವವನು, ಐವತ್ತರ ಹತ್ತಿರದವನು, ಇದಕ್ಕಾಗಿ ಇಪ್ಪತ್ತು ಸಾವಿರ ರೂಪಾಯಿ ದಾಟಲು ಮನಸ್ಸಿಲ್ಲದವನು. ಮುಂದಿನದನ್ನೆಲ್ಲ ಇದನ್ನು ನೆನಪಿಟ್ಟುಕೊಂಡು ಓದಬೇಕು.

8×25 ಕೈಗೆ ಬಂದಾಗ ಯಾರಿಗಾದರೂ ಆಸೆಯಾಗುತ್ತದೆ. ತೂಕ ಮುನ್ನೂರು ಗ್ರಾಂ ಆಸುಪಾಸು, ಮಡಚಿದರೆ ಅಂಗಿಯ ಜೇಬಿಗೆ ಹೋಗುತ್ತದೆ. ನಿಂತಲ್ಲೇ ನಿಂತು ದೂರದ ಬೆಟ್ಟ ನೋಡಿದರೆ ಚಿತ್ರವೂ ಚೆನ್ನಾಗಿಯೇ ಇರುತ್ತದೆ. ತೊಡಕು ಕಾಣುವುದು ಹಕ್ಕಿ ಕಂಡ ಮೇಲೆ.

ಮುಂದಿನ ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ, ಹಿಂದಿನ ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬ ಎಷ್ಟು ಅಗಲ ಎಂಬುದು ಗೊತ್ತಾಗುತ್ತದೆ. 25ನ್ನು 8ರಿಂದ ಭಾಗಿಸಿ: ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಿನ ಪಾಪೆ ಸರಿಯಾಗಿ ಆ ಕಂಬದ ನೇರಕ್ಕೇ ಇರಬೇಕು. ಕೂದಲೆಳೆಯಷ್ಟು ಆಚೀಚೆ ಸರಿದರೂ ಚಿತ್ರದ ಒಂದು ಬದಿಯಿಂದ ಕಪ್ಪು ನೆರಳು ನುಗ್ಗುತ್ತದೆ. ಮನೆಯ ತಾರಸಿಯಲ್ಲಿ ನಿಂತು ತೆಂಗಿನ ಮರದ ಗಿಳಿ ನೋಡುವಾಗ ಇದು ಅರಿವಿಗೆ ಬರುವುದಿಲ್ಲ. ಕೊಡಚಾದ್ರಿಯ ಏರು ಹತ್ತಿ ಏದುಸಿರು ಬಿಡುತ್ತಿರುವಾಗ, ಎದೆ ಏರಿಳಿಯುತ್ತ ಕೈಯೂ ಅದರೊಂದಿಗೆ ಆಡುತ್ತಿರುವಾಗ, ಆ ನೆರಳು ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಬಂದು ಹೋಗುತ್ತದೆ. ಹಕ್ಕಿ ಎಲ್ಲಿದೆ ಎಂದು ಹುಡುಕುವ ಹೊತ್ತಿನಲ್ಲಿ ನಾನು ನನ್ನ ಕಣ್ಣನ್ನು ಎಲ್ಲಿಡಬೇಕು ಎಂದು ಹುಡುಕುತ್ತಿದ್ದೆ.

ಅದರ ಮೇಲೆ ಎರಡು ಕೀಲುಗಳ ಕಾಟ. ಜೇಬಿಗೆ ಹಿಡಿಸಲೆಂದು ಈ ಪುಟ್ಟ ಮಾದರಿಯ ಎರಡೂ ಕೊಳವೆಗಳು ಬೇರೆಬೇರೆಯಾಗಿ ಒಳಗೆ ಮಡಚಿಕೊಳ್ಳುತ್ತವೆ. ಬಿಡಿಸಿದಾಗಲೆಲ್ಲ ಕಣ್ಣುಗಳ ನಡುವಿನ ಅಂತರವನ್ನು ಹೊಸದಾಗಿ ಹೊಂದಿಸಬೇಕು, ಅದೂ ಎರಡು ಕಡೆಯಿಂದ. ಒಂದು ಕೊಳವೆ ಜಾಸ್ತಿ, ಇನ್ನೊಂದು ಕಡಿಮೆ ತೆರೆದುಕೊಂಡರೆ ಬೈನಾಕ್ಯುಲರ್ ಮೂಗಿನ ಮೇಲೆ ಓರೆಯಾಗಿ ಕೂರುತ್ತದೆ. ಚಳಿಗಾಲಕ್ಕೆ ವಲಸೆ ಬರುವ ಉಲಿಯಕ್ಕಿಗಳು ಒಂದು ರೆಂಬೆಯ ಮೇಲೆ ಎರಡು ಕ್ಷಣ ನಿಂತರೆ ಹೆಚ್ಚು. ಅಷ್ಟರಲ್ಲಿ ಇಷ್ಟೆಲ್ಲ ಆಗುವುದಿಲ್ಲ. ಒಂದೇ ಕೀಲಿನ 8×32ನಲ್ಲಿ ಅಂತರವನ್ನು ಒಮ್ಮೆ ಹೊಂದಿಸಿ ಕೊರಳಿಗೆ ಹಾಕಿಕೊಂಡರೆ ಸಾಯಂಕಾಲದವರೆಗೆ ಮುಟ್ಟಬೇಕಿಲ್ಲ.

ಕನ್ನಡಕದವರಿಗೆ ಇನ್ನೂ ಒಂದು ಸಂಕಟವಿದೆ. ಕನ್ನಡಕ ತೆಗೆಯದೆ ಪೂರ್ತಿ ವೃತ್ತ ಕಾಣಬೇಕಾದರೆ ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ ಹದಿನೈದು ಹದಿನಾರು ಮಿಲಿಮೀಟರಾದರೂ ಅವಕಾಶ ಬೇಕು. ಅನೇಕ ಪುಟ್ಟ ಮಾದರಿಗಳು ಅಷ್ಟು ಕೊಡುವುದಿಲ್ಲ, ಅಣ್ಣನದೂ ಕೊಡಲಿಲ್ಲ. ಕೊಳವೆಯೊಳಗಿಂದ ಇಣುಕಿದ ಹಾಗೆ ನಡುವಿನ ಭಾಗ ಮಾತ್ರ ಕಾಣುತ್ತಿತ್ತು. ಕನ್ನಡಕ ತೆಗೆದು ನೋಡಬಹುದಲ್ಲ ಎಂದು ಅಣ್ಣ ಹೇಳಿದ. ಇಂಬಳ ಹತ್ತುವ ಜಾರು ದಾರಿಯಲ್ಲಿ ಕನ್ನಡಕ ಒಂದು ಕೈಯಲ್ಲಿ, ಬೈನಾಕ್ಯುಲರ್ ಇನ್ನೊಂದು ಕೈಯಲ್ಲಿ ಹಿಡಿದು ನಿಲ್ಲಲು ನನ್ನಿಂದಾಗದು.

8×42ರ ಬಗ್ಗೆ ನನಗೆ ಗೌರವವಿದೆ. ಸೂರ್ಯ ಹುಟ್ಟುವ ಮುನ್ನ ಶೋಲಾ ಕಾಡಿನ ಅಂಚಿನಲ್ಲಿ, ಮಬ್ಬುಗತ್ತಲಲ್ಲಿ ಅಲುಗದೆ ಕುಳಿತ ಮಲಬಾರ್ ಟ್ರೋಗನ್ ಗಂಡಿನ ಕೆಂಪು ಹೊಟ್ಟೆಯನ್ನು ಅದರಷ್ಟು ಚೆನ್ನಾಗಿ ಉಳಿದ ಯಾವುದೂ ತೋರಿಸಲಿಲ್ಲ. ಅದರ ಬೆಳಕಿನ ಕಂಬ ಐದು ಮಿಲಿಮೀಟರಿಗೂ ಮೀರಿದ್ದು, 8×32ರದು ನಾಲ್ಕು. ಆದರೆ ಬಿಸಿಲು ಬಂದ ಮೇಲೆ ಪಾಪೆಯೇ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುವುದರಿಂದ ಆ ಹೆಚ್ಚಿನ ಬೆಳಕು ಕಣ್ಣಿನೊಳಗೆ ಹೋಗುವುದೇ ಇಲ್ಲ. ವಯಸ್ಸಾದಂತೆ ಪಾಪೆ ಕತ್ತಲಲ್ಲೂ ಹರೆಯದಷ್ಟು ಅರಳುವುದಿಲ್ಲ. ದಿನದ ಒಂದು ಗಳಿಗೆಯ ಲಾಭಕ್ಕಾಗಿ ಇಡೀ ದಿನ ಏಳುನೂರು ಗ್ರಾಂ ಕೊರಳಲ್ಲಿ ತೂಗಬೇಕು. ಎದೆಗೆ ಕಟ್ಟುವ ಅಡ್ಡಪಟ್ಟಿ ಹಾಕಿಕೊಂಡರೆ ಅದು ಬೆನ್ನುಚೀಲದ ಪಟ್ಟಿಗಳ ಕೆಳಗೆ ಸಿಕ್ಕಿ ಭುಜ ಉಜ್ಜುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾನು ಅದನ್ನು ಚೀಲದೊಳಗೆ ಸೇರಿಸಿಬಿಡುತ್ತಿದ್ದೆ. ಐನೂರು ಗ್ರಾಮಿನ ನನ್ನ 8×32 ಇಳಿಜಾರಿನಲ್ಲೂ ಎದೆಯ ಮೇಲೇ ಇರುತ್ತದೆ.

10×42 ಕೆರೆಯಂಗಳದ ನೀರುಹಕ್ಕಿಗಳಿಗೆ ಒಳ್ಳೆಯದು. ನಡೆದು ದಣಿದ ಕೈಗೆ ಅಲ್ಲ: ಹಕ್ಕಿಯ ಜೊತೆಗೆ ಕೈ ನಡುಕವನ್ನೂ ಹತ್ತುಪಟ್ಟು ಮಾಡಿ ತೋರಿಸುತ್ತದೆ.

ಹಣದ ಲೆಕ್ಕದಲ್ಲೂ 8×32 ನನಗೆ ಒಪ್ಪಿತು. ನೇರ ಕೊಳವೆಯ ಬೈನಾಕ್ಯುಲರುಗಳ ಪಟ್ಟಕದಲ್ಲಿ ಬೆಳಕು ಎರಡಾಗಿ ಒಡೆದು ಮತ್ತೆ ಕೂಡುವಾಗ ಅವುಗಳ ಅಲೆಗಳ ಹೊಂದಾಣಿಕೆ ತುಸು ತಪ್ಪುತ್ತದೆ. ಅದನ್ನು ಸರಿಪಡಿಸುವುದು ಫೇಸ್ ಕೋಟಿಂಗ್ ಎಂಬ ಲೇಪ. ಅದಿಲ್ಲದಿದ್ದರೆ ಹಕ್ಕಿಯ ರೆಕ್ಕೆಯ ಸಣ್ಣ ಪಟ್ಟೆಗಳು ಮಸುಕಾಗುತ್ತವೆ. ನನ್ನ ಹಣಕ್ಕೆ ಈ ಲೇಪವೂ ನೀರು ನುಗ್ಗದ ಕವಚವೂ ಒಳಗೆ ಆವಿ ಕಟ್ಟದಂತೆ ತುಂಬಿದ ನೈಟ್ರೋಜನ್ನೂ ಇರುವ 32 ಸಿಕ್ಕಿತು. ಅದೇ ಗುಣದ 42ಕ್ಕೆ ಇನ್ನಷ್ಟು ತೆರಬೇಕಿತ್ತು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ ಹೋಗುವವರು ನೈಟ್ರೋಜನ್ ಇಲ್ಲದ್ದನ್ನು ಕೊಳ್ಳಲೇಬಾರದು. ಒಳಗಾಜಿಗೆ ಆವಿ ಕಟ್ಟಿದರೆ ಒರೆಸುವ ದಾರಿಯಿಲ್ಲ, ಬೂಷ್ಟು ಹಿಡಿದರೆ ಗಾಜು ಕೆಟ್ಟಂತೆಯೇ. ಮನೆಗೆ ಬಂದ ಮೇಲೆ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ.

ಎರಡು ಮೀಟರ್ ದೂರದ ಚಿಟ್ಟೆಯೂ ಇದರಲ್ಲಿ ಸ್ಪಷ್ಟ.

ಕನ್ನಡಕವಿಲ್ಲದ, ಶಿಖರ ತಲುಪುವುದೇ ಮುಖ್ಯವಾದ, ಹಕ್ಕಿ ಸಿಕ್ಕರೆ ನೋಡೋಣ ಎನ್ನುವವರು 8×25 ಕೊಳ್ಳಲಿ. ಅಣ್ಣ ಅಂಥವನೇ, ಅವನಿಗೆ ಅದರ ಮೇಲೆ ದೂರಿಲ್ಲ. ಯಾವುದನ್ನು ಕೊಂಡರೂ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ, ಕಣ್ಣಿನ ರಬ್ಬರ್ ಬಟ್ಟಲುಗಳನ್ನು ಪೂರ್ತಿ ಕೆಳಗಿಳಿಸಿ ನೋಡಿ. ವೃತ್ತದ ಅಂಚು ಸುತ್ತಲೂ ಕಾಣಬೇಕು. ಅಂಗಡಿ ಮಹಡಿಯ ಮೇಲಿದ್ದರೆ ಮೆಟ್ಟಿಲುಗಳನ್ನು ಬೇಗಬೇಗ ಹತ್ತಿ, ಉಸಿರು ಸುಧಾರಿಸುವ ಮುನ್ನವೇ ಕೈಗೆತ್ತಿಕೊಂಡು ಬೀದಿಯ ಆಚೆಯ ಫಲಕ ಓದಲು ಪ್ರಯತ್ನಿಸಿ.